ಕಲ್ಲಿಲ್ಲದ ಮಸಣ

ಹೆಣ ಹೂಳಲು ಕರೆದಾಗ ಕೇರಿಯವರು ಬಾರದೆ ಹೋದದ್ದು ಕರೇಕಲ್ಲುದೊಡ್ಡಿಯಲ್ಲಿ ಎಂದೂ ಇಲ್ಲ. ಹೂತ ಹೆಣ ತೆಗೆಯಲು ಕರೆದದ್ದು ಮಾತ್ರ ಇದೇ ಮೊದಲು.

ಕರೆದವನು ಮಹಾದೇವಯ್ಯ. ಊರಿನ ಪಟೇಲರ ಮನೆತನ. ತೆಂಗಿನ ತೋಟ, ರಾಗಿ ಹೊಲ, ಹೆದ್ದಾರಿ ಪಕ್ಕದಲ್ಲಿ ಪೆಟ್ರೋಲ್ ಬಂಕು. ಕೇರಿಯ ಹುಣಸೆಮರದ ಹತ್ತಿರ ಬುಲೆಟ್ ನಿಲ್ಲಿಸಿ, ಇಳಿಯದೆ, ಎಂಜಿನ್ ಆರಿಸದೆ ಕೂಗಿದ.

“ಲೇ ನರಸಾ! ನಾಳೆ ಗುದ್ದಲಿ ಎತ್ಕೊಂಡು ತ್ವಾಟದ ತಾವ ಬಾರ್ಲಾ. ನಮ್ಮೋರ ಸಮಾಧಿ ಎಲ್ಲಾ ಎತ್ತಿ ಆಚೆ ಸಾಗಿಸ್ಬೇಕು. ಏರ್‌ಪೋರ್ಟ್ ಬತ್ತಾ ಐತೆ.”

ಆ ವರ್ಷವೆಲ್ಲಾ ಅದೇ ಮಾತು. ಗುಬ್ಬಿ ಕಡೆಗೆ ಹೋಯಿತಂತೆ ಅಂದರು ಒಂದು ದಿನ. ಇಲ್ಲ, ಕುಣಿಗಲ್ ಕಡೆಗೇ ಅಂತೆ ಅಂದರು ಇನ್ನೊಂದು ದಿನ. ತುಮಕೂರಿನಿಂದ ಕಾರುಗಳು ಬಂದವು, ಬೆಂಗಳೂರಿನಿಂದ ಇನ್ನೂ ದೊಡ್ಡ ಕಾರುಗಳು ಬಂದವು. ಬಂದವರು ಹೊಲದ ಬದುವಿನ ಮೇಲೆ ನಿಂತು ಹುತ್ರಿದುರ್ಗದ ಬೆಟ್ಟದ ಕಡೆಗೆ ಕೈ ತೋರಿಸಿ ಮಾತಾಡಿದರು. ‘ನಮ್ಮೂರಿಗೆ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ’ ಎಂಬ ಫ್ಲೆಕ್ಸು ಎದ್ದಿತು. ಅದರಲ್ಲಿ ಮೇಲೊಂದು ವಿಮಾನ, ಕೆಳಗೆ ಕೈಮುಗಿದ ಮಹಾದೇವಯ್ಯ. ಜಮೀನಿದ್ದವರು ಜಮೀನಿನ ಮಾತಾಡಿದರು. ಕೇರಿಯವರಿಗೆ ಜಮೀನಿರಲಿಲ್ಲ. ಅವರಿಗಿದ್ದದ್ದು ಊರಾಚೆಯ ದಿಬ್ಬದ ಮೇಲಿನ ಮಸಣ ಒಂದೇ.

ನರಸಯ್ಯ ತಲೆಯಾಡಿಸಿದ. ಅವನಿಗೆ ಅದೇ ಅಭ್ಯಾಸ. ಕಲ್ಲು ಕ್ವಾರಿಯ ದೂಳು ಕುಡಿದು ಕುಡಿದು ಅವನ ಎದೆ ತೂತು ಬಿದ್ದ ತಿದಿಯಂತಾಗಿತ್ತು. ನಾಲ್ಕು ಏಟು ಗುದ್ದಲಿ ಹಾಕಿದರೆ ಕೂತು ಕೆಮ್ಮಬೇಕು. ಕೇರಿಯ ಹುಡುಗರನ್ನು ಕೇಳಿದ. ಹಿರೇಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುವ ಹುಡುಗರು. “ಬೇಕಾದ್ರೆ ಅವ್ರ ಹೆಣ ಅವ್ರೇ ಬಗ್ಕೊಳ್ಲಿ, ಬುಡು ಚಿಕ್ಕಯ್ಯ” ಅಂದು ಬಸ್ಸು ಹತ್ತಿದರು. ಊರಿನಲ್ಲಿ ಉಳಿದು ಊರಿನವರ ಮುಖ ನೋಡಬೇಕಾದವನು ನರಸಯ್ಯ. ಬಂದು ಅತ್ತಿಗೆಯ ಮನೆ ಬಾಗಿಲಲ್ಲಿ ಕೂತ.

ಅತ್ತಿಗೆ ಕಲ್ಲಮ್ಮ. ಗಂಡ ಸತ್ತು ಬಹಳ ಕಾಲವಾಗಿತ್ತು. ಮಗ ಶಿವರಾಜ್ ಸತ್ತದ್ದು ಹಿಂದಿನ ವರ್ಷ. ಹೆದ್ದಾರಿ ಪಕ್ಕ ಕೇಬಲ್ ಹಾಕಲು ಗುಂಡಿ ತೋಡುವಾಗ ಮಣ್ಣು ಕುಸಿದು ಒಳಗೇ ಉಳಿದ. ತೆಗೆಯಲು ಜೆಸಿಬಿ ತಂದರು. ಹೆಣ ಮನೆಗೆ ಬಂದಾಗ ಒಂದು ಕೈ ಬೇರೆಯಾಗಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿತ್ತು. ಆ ಕೈಯನ್ನು ಕಲ್ಲಮ್ಮನೇ ಮಗನ ಪಕ್ಕದಲ್ಲಿಟ್ಟು ಮಣ್ಣು ಮಾಡಿದ್ದಳು.

“ಹೋಗ್ಬೇಡ ಅವ್ವ,” ಅಂದಳು ಮಗಳು ಪಲ್ಲವಿ. ಪಿಯುಸಿ ಮುಗಿಸಿ ಹಿರೇಹಳ್ಳಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹುಡುಗಿ. “ಅವ್ರ ಮನೆ ಒಳಿಕ್ಕೆ ಸೇರ್ಸಲ್ಲ ನಿನ್ನ. ಅವ್ರ ಗುಂಡಿ ಒಳಿಕ್ಕೆ ಮಾತ್ರ ನೀನು ಬೇಕಾ?”

“ದಿಬ್ಬಾನೂ ಏರ್‌ಪೋರ್ಟಿಗೆ ಹೋಯ್ತದಂತೆ ಕಣಮ್ಮಿ. ನಿಮ್ಮಣ್ಣ ಅಲ್ಲಿ ಮಲಗವ್ನೆ. ಅವನ್ನ ಯಾರು ಸಾಗಿಸ್ತಾರೆ?”

ಅದನ್ನು ಕೇಳಲು ಕಲ್ಲಮ್ಮ ಪಟೇಲರ ಮನೆ ಅಂಗಳದಲ್ಲಿ ನಿಂತಳು. ಮಹಾದೇವಯ್ಯ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಹೆದ್ದಾರಿ ಆಚೆ ಏರ್‌ಪೋರ್ಟ್ ಕೆಲಸ ಹಿಡಿದ ಕಂಪನಿಯವರು ಹೊಸ ರುದ್ರಭೂಮಿ ಕಟ್ಟಿಸುತ್ತಿದ್ದರು. ಸುತ್ತ ಕಾಂಪೌಂಡು, ಮುಂದೆ ಕಮಾನು, ಒಳಗೆ ಸಿಮೆಂಟಿನ ದಾರಿ.

“ಅಲ್ಲಿ ನಿಮಗೂ ಒಂದು ಮೂಲೆ ಕೊಡುಸ್ತೀನಿ,” ಅಂದ. “ಮೊದ್ಲು ನಮ್ಮೋರ್ದು ಮುಗೀಲಿ. ಆಮ್ಯಾಕೆ ನಿಮ್ಮೋರ್ನ ನೀವು ಕೈಯಾರೆ ಎತ್ಕೊಂಡ್ ಹೋಗ್ರಿ.”

“ದಿಬ್ಬಕ್ಕೆ ಮಿಸೀನ್ ಬುಡಲ್ವಾ ಬುದ್ಧಿ?”

“ಬುಡಲ್ಲ ಕಣಮ್ಮಿ. ನಾನಿಲ್ವಾ?”

ಆ ಮಾತಿಗೆ ಕಲ್ಲಮ್ಮ ಗುದ್ದಲಿ ಹಿಡಿದಳು. ಕೂಲಿಗಲ್ಲ. ಆ ಮೂಲೆಗೆ.

ತೋಟದ ತುದಿಯಲ್ಲಿ ಊರಿನ ಹಿರೀಕರ ಸಮಾಧಿಗಳ ಸಾಲು. ಮೇಲಿನ ಚಪ್ಪಡಿ ಹಾರೆ ಹಾಕಿ ಮೀಟಬೇಕು. ಕೆಳಗಿನ ಮಣ್ಣು ಗಟ್ಟಿಯಾಗಿ ಕಲ್ಲಾಗಿತ್ತು. ತೆಂಗಿನ ಬೇರು ಹೆಣದವರೆಗೂ ಇಳಿದು ಪಕ್ಕೆಲುಬಿಗೆ ಸುತ್ತಿಕೊಂಡಿತ್ತು. ಕುಡುಗೋಲಿನಿಂದ ಬೇರು ಕೊಯ್ದು, ಮೂಳೆ ಮುರಿಯದಂತೆ ಬಿಡಿಸಬೇಕು. ಕೂರಿಸಿ ಹೂತವರು ಕೂತಲ್ಲೇ ಕುಸಿದಿದ್ದರು. ಗುಂಡಿಯಲ್ಲಿ ಗಾಳಿಯಾಡುತ್ತಿರಲಿಲ್ಲ. ಕಲ್ಲಮ್ಮನ ಸೊಂಟ ಸೆಟೆದು ಹೋಯಿತು. ಅಂಗೈ ಬೊಬ್ಬೆ ಬಂದು, ಒಡೆದು, ಗುದ್ದಲಿಯ ಕಾವು ಅಂಟಂಟಾಯಿತು. ರಾತ್ರಿ ಮುದ್ದೆ ಮುರಿಯಲು ಆಗದೆ ಪಲ್ಲವಿ ತುತ್ತು ಮಾಡಿ ಕೊಟ್ಟಳು. ನರಸಯ್ಯ ಮೇಲೆ ನಿಂತು ಬುಟ್ಟಿ ಎಳೆಯುವನು, ಕೆಮ್ಮುವನು, ಮತ್ತೆ ಎಳೆಯುವನು.

ಊರಿನವರು ದೂರ, ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಲ್ಲಮ್ಮ ಮೂಳೆಗಳನ್ನು ಬಿಳೀ ಬಟ್ಟೆಯ ಮೇಲೆ ಜೋಡಿಸಿ ಹಿಂದಕ್ಕೆ ಸರಿಯಬೇಕು. ಅಯ್ಯನವರು ಬಂದು ನೀರು ಚಿಮುಕಿಸಿ, ಆಮೇಲೆ ಮನೆಯವರು ಎತ್ತಿಕೊಳ್ಳಬೇಕು. ಹೀಗೆ ಒಬ್ಬೊಬ್ಬರೇ ಹೊಸ ರುದ್ರಭೂಮಿಗೆ ಹೋದರು. ಅಲ್ಲಿಯೂ ಗುಂಡಿ ತೋಡಿದವರು ಇವರೇ. ಊರಿನವರು ಪ್ರತಿಯೊಬ್ಬರಿಗೂ ಕಪ್ಪು ಕಲ್ಲು ನಿಲ್ಲಿಸಿದರು. ಮಧ್ಯೆ ಮಧ್ಯೆ ಮನೆಯವರಿಗೆಂದು ಜಾಗ ಬಿಟ್ಟುಕೊಂಡರು.

“ನಮ್ ಮೂಲೆ ಯಾವ್ದು ಬುದ್ಧಿ?” ಎಂದು ಕಲ್ಲಮ್ಮ ಒಮ್ಮೆ ಕೇಳಿದಳು.

“ಅವಸರ ಯಾಕೆ? ನಿಮ್ಮೋರೇನು ಎದ್ದು ಓಡಿ ಹೋಯ್ತಾರಾ?” ಅಂದ ಮಹಾದೇವಯ್ಯನ ತಮ್ಮನ ಮಗ ಕಿರಣ್‌ಕುಮಾರ್. ಕುರ್ಚಿಗಳು ನಕ್ಕವು.

ಕೊನೆಗೆ ಉಳಿದದ್ದು ಮಹಾದೇವಯ್ಯನ ತಾಯಿಯ ಸಮಾಧಿ. ಅವತ್ತು ತೋಟದಲ್ಲಿ ಶಾಮಿಯಾನ ಹಾಕಿದ್ದರು. ನೆಂಟರು ತುಂಬಿದ್ದರು. ಫೋಟೊದವನು ಬಂದಿದ್ದ. ಕಂಪನಿಯ ಕಡೆಯಿಂದ ಸೈಟ್ ಮ್ಯಾನೇಜರ್ ಲಕ್ಷ್ಮೀಕಾಂತ್ ಹಾರ ಹಿಡಿದು ನಿಂತಿದ್ದ. ಹಿತ್ತಲಲ್ಲಿ ದೊಡ್ಡ ಒಲೆ ಹೊತ್ತಿಸಿ ಪಾಯಸಕ್ಕೆ ಇಟ್ಟಿದ್ದರು.

ಕಲ್ಲಮ್ಮ ಗುಂಡಿಗೆ ಇಳಿದಳು. ಈ ಮುದುಕಿಯ ಕೊಟ್ಟಿಗೆಯಲ್ಲಿ ಅವಳು ಮದುವೆಯಾಗಿ ಬಂದಾಗಿನಿಂದ ಸಗಣಿ ಬಾಚಿದ್ದಳು. ಬಾಯಾರಿ ನೀರು ಕೇಳಿದರೆ ಮುದುಕಿ ಜಗಲಿಯಿಂದಲೇ ಚೆಂಬು ಎತ್ತಿ ಬೊಗಸೆಗೆ ಹುಯ್ಯುತ್ತಿದ್ದಳು. ಚೆಂಬಿಗೂ ಬೊಗಸೆಗೂ ಮೊಳದಷ್ಟು ದೂರ. ಅರ್ಧ ನೀರು ಸೀರೆ ಮೇಲೆ ಬೀಳುತ್ತಿತ್ತು. ಈಗ ಅದೇ ಮುದುಕಿಯ ತಲೆಬುರುಡೆ ಕಲ್ಲಮ್ಮನ ಎರಡು ಕೈಯಲ್ಲಿ ಇತ್ತು. ಬದುಕಿದ್ದಾಗ ಮುಟ್ಟಿದರೆ ಮೈಲಿಗೆ. ಈಗ ಮುಟ್ಟದಿದ್ದರೆ ಕೆಲಸ ನಿಲ್ಲುತ್ತದೆ. ಅವಳು ಕಣ್ಣಿನ ಗುಳಿಯಿಂದ ಮಣ್ಣು ತೆಗೆದು ಸೆರಗಿನಿಂದ ಒರೆಸಿದಳು.

ಆಗ ಬೇಲಿಯ ಆಚೆ ಪಲ್ಲವಿ ಕೂಗಿದಳು. ರಜಾ ಹಾಕಿ ಮನೆಯಲ್ಲಿದ್ದವಳು ಓಡಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು.

“ಅವ್ವಾ! ದಿಬ್ಬಕ್ಕೆ ಜೆಸಿಬಿ ಬುಟ್ಟವ್ರೆ! ಎಲ್ಲಾ ಬಗೀತಾವ್ರೆ!”

ಕಲ್ಲಮ್ಮ ಗುಂಡಿಯಿಂದ ತಲೆ ಎತ್ತಿ ಮಹಾದೇವಯ್ಯನನ್ನು ನೋಡಿದಳು. ಅವನು ಲಕ್ಷ್ಮೀಕಾಂತನನ್ನು ನೋಡಿದ.

“ನಾಳೆ ಡೆಲ್ಲಿಯಿಂದ ಟೀಮ್ ಬರ್ತಿದೆಯಮ್ಮ,” ಅಂದ ಲಕ್ಷ್ಮೀಕಾಂತ್. ದನಿ ಮೆತ್ತಗಿತ್ತು. “ಹೆಲಿಕಾಪ್ಟರ್ ಇಳಿಯೋಕೆ ಎತ್ತರದ ಜಾಗ ಬೇಕು. ಅದೊಂದೇ ಸರಿಯಾಗಿರೋದು. ಅಲ್ಲೇನೂ ಇಲ್ವಲ್ಲ, ಖಾಲಿ ಜಾಗ. ನಾನೇ ನೋಡಿದೀನಿ. ಒಂದು ಕಲ್ಲೂ ಇಲ್ಲ.”

“ಕಲ್ಲು ಯಾಕಿಲ್ಲ ಅಂತ ಇವ್ರನ್ನ ಕೇಳಿ ಸಾಮಿ,” ಅಂದಳು ಕಲ್ಲಮ್ಮ.

ಯಾರೂ ಕೇಳಲಿಲ್ಲ. ಊರಿನವರಿಗೆಲ್ಲ ಗೊತ್ತಿತ್ತು. ಕಲ್ಲಮ್ಮನ ಗಂಡ ತನ್ನಪ್ಪನ ಗುಂಡಿಯ ಮೇಲೆ ಒಂದು ಕಲ್ಲು ನೆಟ್ಟಿದ್ದ. ಕೇರಿಯ ಹೆಣಕ್ಕೂ ಕಲ್ಲು ಬಂತೇ ಎಂದು ಊರು ಎದ್ದು ಬಂತು. ಕಲ್ಲನ್ನು ಕಿತ್ತು, ಒಡೆದು, ಚೂರುಗಳನ್ನು ಅವನ ತಲೆ ಮೇಲೆ ಹೊರಿಸಿ ಕೆರೆ ಏರಿಯವರೆಗೂ ನಡೆಸಿದರು. ಹೊರಿಸಿದವನು ಮಹಾದೇವಯ್ಯನ ಅಪ್ಪ. ಅಂದಿನಿಂದ ದಿಬ್ಬದಲ್ಲಿ ಮಣ್ಣಿನ ಗುಡ್ಡೆ ಬಿಟ್ಟರೆ ಇನ್ನೇನೂ ಏಳಲಿಲ್ಲ. ಒಂದು ಮಳೆಗಾಲ ಕಳೆದರೆ ಗುಡ್ಡೆಯೂ ಇಲ್ಲ.

“ಮಿಸೀನ್ ನಿಲ್ಸಿ ಬುದ್ಧಿ,” ಅಂದಳು ಕಲ್ಲಮ್ಮ. “ಬುಡಲ್ಲ ಅಂದಿದ್ರಿ. ನಿಲ್ಸಿ.”

“ಆಮ್ಯಾಕೆ ಮಾತಾಡಾನ. ಮೊದ್ಲು ಅವ್ವನ್ನ ಮ್ಯಾಲಕ್ಕೆ ಕೊಡು. ಹೊತ್ತು ಮೀರ್ತಾ ಐತೆ.”

“ಮೊದ್ಲು ನಿಲ್ಸಿ.”

“ಲೇ ಕಲ್ಲಿ! ಯಾರ ಮುಂದೆ ಮಾತಾಡ್ತಾ ಇದೀಯ ಗೊತ್ತಾ?”

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಅವಳು ಗುಂಡಿಯಲ್ಲೇ ಕೂತಳು. ಕೂತ ಮೇಲೆ ಏಳಬಾರದು ಅನ್ನಿಸಿತು. ತಲೆಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗು ಮುಚ್ಚಿದಳು.

“ಅಲ್ಲಿ ಮಿಸೀನ್ ನಿಲ್ಲೋವರ್ಗೂ ಇಲ್ಲಿ ನಿಮ್ಮವ್ವ ಮ್ಯಾಲಕ್ಕೆ ಬರಲ್ಲ.”

ಗುಂಡಿಯ ಸುತ್ತ ಕಾಲುಗಳು ನಿಂತವು. ಬಿಳೀ ಪಂಚೆಯ ಕಾಲು, ಪ್ಯಾಂಟಿನ ಕಾಲು, ರೇಷ್ಮೆ ಸೀರೆಯ ಕಾಲು. ಬಯ್ಗುಳ ಮೇಲಿನಿಂದ ಬಿತ್ತು. ಅವಳ ಹುಟ್ಟಿಗೆ ಬಯ್ದರು, ಸತ್ತ ಮಗನಿಗೆ ಬಯ್ದರು. ಕಿರಣ್‌ಕುಮಾರ್ ಕಾಲಿನಿಂದ ಮಣ್ಣು ದೂಡಿದ. ಹೆಂಟೆಯೊಂದು ಕಲ್ಲಮ್ಮನ ಹುಬ್ಬಿಗೆ ಬಡಿದು ರಕ್ತ ಇಳಿಯಿತು. “ಇವಳ್ನೂ ಸೇರ್ಸಿ ಮುಚ್ಚಿ” ಅಂದ.

“ಮಣ್ಣು ಹಾಕಬ್ಯಾಡ್ವೋ, ಒಳಗೆ ಅಜ್ಜಿ ಅವ್ಳೆ!” ಎಂದು ಹೆಂಗಸೊಬ್ಬಳು ಕಿರುಚಿದಳು.

ಇಷ್ಟು ಜನರಲ್ಲಿ ಒಬ್ಬರೂ ಗುಂಡಿಗೆ ಇಳಿಯಲಿಲ್ಲ. ಇಳಿದರೆ ಅವಳನ್ನು ಮುಟ್ಟಬೇಕು. ಹೆಣದ ಗುಂಡಿಯಲ್ಲಿ, ನೆಂಟರ ಎದುರಿಗೆ, ಮುಟ್ಟಬೇಕು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನರಸಾ! ಇಳ್ದು ಎಳ್ದಾಕ್ಲಾ ಅವಳ್ನ!” ಮಹಾದೇವಯ್ಯ ಕೂಗಿದ.

ನರಸಯ್ಯ ಇಳಿದ. ಹುಟ್ಟಿದಾಗಿನಿಂದ ಹೇಳಿದ್ದನ್ನು ಮಾಡಿದವನು. ಕಲ್ಲಮ್ಮ ಅವನ ಕಡೆ ನೋಡಲಿಲ್ಲ. ಅವನು ಬಗ್ಗಿ ಅವಳ ರಟ್ಟೆ ಹಿಡಿದ. ಹುಬ್ಬಿನ ರಕ್ತ ಕಂಡಿತು. ದಿಬ್ಬದ ಕಡೆಯಿಂದ ಮಿಸೀನು ಗುರುಗುಟ್ಟುವ ಸದ್ದು ಕೇಳಿಸಿತು. ದಿಬ್ಬದ ಮಣ್ಣಿನಲ್ಲಿ ಅವನ ಹೆಂಡತಿಯೂ ಇದ್ದಳು. ರಟ್ಟೆ ಬಿಟ್ಟ. ಕೆಮ್ಮು ಬಂತು. ಕೆಮ್ಮುತ್ತಾ ಕೆಮ್ಮುತ್ತಾ ಅತ್ತಿಗೆಯ ಪಕ್ಕದಲ್ಲೇ ಕುಕ್ಕರಿಸಿದ.

“ನಿಲ್ಸಿ ಸ್ವಾಮಿ,” ಅಂದ, ನೆಲ ನೋಡುತ್ತಾ. “ನಿಲ್ಸಿದ್ರೆ ನಿಮ್ದೇನು ಹೋಯ್ತದೆ?”

ಫೋಟೊದವನ ಕ್ಯಾಮೆರಾ ಗುಂಡಿಯ ಕಡೆ ತಿರುಗಿದ್ದು ಲಕ್ಷ್ಮೀಕಾಂತನಿಗೆ ಕಂಡಿತು. ನಾಳೆಗೆ ಡೆಲ್ಲಿಯವರು. ಇವತ್ತು ಈ ವಿಡಿಯೋ ಎಲ್ಲಾದರೂ ಓಡಾಡಿದರೆ? ಅವನು ಹಾರವನ್ನು ಕುರ್ಚಿಯ ಮೇಲಿಟ್ಟು ಫೋನ್ ತೆಗೆದ. ದಿಬ್ಬದ ಸದ್ದು ನಿಂತಿತು.

ಕಲ್ಲಮ್ಮ ಮೂಳೆಗಳನ್ನು ಒಂದೊಂದೇ ಬಟ್ಟೆಯ ಮೇಲಿಟ್ಟಳು. ಆತುರ ಮಾಡಲಿಲ್ಲ. ಬೆರಳಿನ ಸಣ್ಣ ಮೂಳೆಗಳನ್ನೂ ಮಣ್ಣಿನಿಂದ ಹೆಕ್ಕಿ ಕೊಟ್ಟಳು. ತಲೆಬುರುಡೆಯನ್ನು ಕೊನೆಯಲ್ಲಿ ಇಟ್ಟು ಮೇಲೆ ಹತ್ತಿದಳು. ಜನ ದಾರಿ ಬಿಟ್ಟರು. ಅವಳು ಗುದ್ದಲಿ ಹಿಡಿದು ದಿಬ್ಬಕ್ಕೆ ಓಡಿದಳು.

ದಿಬ್ಬ ದಿಬ್ಬವಾಗಿ ಉಳಿದಿರಲಿಲ್ಲ. ಅರ್ಧಕ್ಕರ್ಧ ಹಾಸುಗಲ್ಲಿನಂತೆ ಸಪಾಟಾಗಿತ್ತು. ತೆಗೆದ ಕೆಮ್ಮಣ್ಣು ಒಂದು ಕಡೆ ರಾಶಿ ಬಿದ್ದಿತ್ತು. ಶಿವರಾಜನ ಜಾಗ ಸಪಾಟಾದ ಕಡೆಗೆ ಸೇರಿಹೋಗಿತ್ತು. ಜೆಸಿಬಿಯವನು ಕೆಳಗಿಳಿದು ಬಂದು, “ಯಾರೂ ಹೇಳ್ಲಿಲ್ಲಕ್ಕಾ. ಹೇಳಿದ್ರೆ ಹಾಕ್ತಿರ್ಲಿಲ್ಲ” ಅಂದ. ಕಲ್ಲಮ್ಮನಿಗೆ ಅದು ಕೇಳಿಸಲಿಲ್ಲ.

ರಾಶಿಯ ಮುಂದೆ ಕೂತು ಕೈಯಿಂದ ಮಣ್ಣು ಕೆದಕಿದಳು. ಪಲ್ಲವಿ ಬಂದಳು. ನರಸಯ್ಯ ಬಂದ. ಕೇರಿಯ ಹೆಂಗಸರು, ಮುದುಕರು ಬಂದರು. ಬುಟ್ಟಿ ತಂದರು, ಜರಡಿ ತಂದರು. ತೊಡೆ ಮೂಳೆ ಸಿಕ್ಕಿತು. ದವಡೆ ಸಿಕ್ಕಿತು. ಹಸುಗೂಸಿನ ತಲೆಯ ಚೂರು, ಮೊಟ್ಟೆಯ ಓಡಿನಂತೆ ತೆಳ್ಳಗಿದ್ದದ್ದು ಸಿಕ್ಕಿತು. ಯಾರ ಮೂಳೆ ಯಾರದೆಂದು ಹೇಳುವವರಿಲ್ಲ. ಕಲ್ಲಮ್ಮ ಪ್ರತಿ ಮೂಳೆಯನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ನೋಡುವುದನ್ನು ಬಿಟ್ಟಳು.

“ಯಾವ್ದಾದ್ರೇನು,” ಅಂದಳು. “ಎಲ್ಲಾ ನಮ್ಮೋವೇ. ಎಲ್ಲಾನೂ ಎತ್ಕೊಳ್ಳಿ.”

ಗೊಬ್ಬರದ ಚೀಲಗಳನ್ನು ತೊಳೆದು ಅದರಲ್ಲಿ ತುಂಬಿದರು. ಎಲ್ಲಿಗೆ ಎಂದು ನರಸಯ್ಯ ಕೇಳಿದ.

“ಅವ್ರು ಮೂಲೆ ಕೊಡ್ತೀನಿ ಅಂದ್ರಲ್ಲ, ಅಲ್ಲಿಗೆ,” ಅಂದಳು ಪಲ್ಲವಿ.

“ಮೂಲೆ ಬ್ಯಾಡ,” ಅಂದಳು ಕಲ್ಲಮ್ಮ.

ಉರಿಬಿಸಿಲಿನಲ್ಲಿ ಚೀಲಗಳನ್ನು ತಲೆ ಮೇಲೆ ಹೊತ್ತು ಹೊರಟರು. ಊರ ನಡುವಿನ ದಾರಿಯಲ್ಲೇ ಹೊರಟರು. ಕೇರಿಯ ಹೆಣ ಆ ದಾರಿಯಲ್ಲಿ ಎಂದೂ ಹೋದದ್ದಿಲ್ಲ. ಬಾಗಿಲುಗಳು ಮುಚ್ಚಿಕೊಂಡವು. ಹೆದ್ದಾರಿಯಲ್ಲಿ ಲಾರಿಗಳು ಹಾರನ್ ಹೊಡೆದವು. ವಿಮಾನದ ಫ್ಲೆಕ್ಸಿನ ಕೆಳಗೆ ಹಾಯ್ದು ಕಮಾನಿನ ಮುಂದೆ ನಿಂತರು. ಪಟೇಲರ ಕಡೆಯವರು ಆಗಲೇ ಮುದುಕಿಯನ್ನು ಮಣ್ಣು ಮಾಡಿ ಊಟಕ್ಕೆ ಹೋಗಿದ್ದರು. ಗೇಟಿಗೆ ಬೀಗವಿತ್ತು. ಪಲ್ಲವಿ ಕಲ್ಲು ಎತ್ತಿ ಬೀಗ ಜಜ್ಜಿದಳು.

ಕಲ್ಲಮ್ಮ ಮೂಲೆಗಳ ಕಡೆ ನೋಡಲಿಲ್ಲ. ಕಪ್ಪು ಕಲ್ಲುಗಳ ನಡುವೆ ನಡೆದಳು. ಮಹಾದೇವಯ್ಯನ ಅಪ್ಪನ ಕಲ್ಲು ಒಂದು ಕಡೆ, ಇವತ್ತಷ್ಟೇ ಹೂತ ಅವ್ವನ ಹಸಿ ಮಣ್ಣು ಇನ್ನೊಂದು ಕಡೆ. ನಡುವೆ ಬಿಟ್ಟಿದ್ದ ಜಾಗದಲ್ಲಿ ಗುದ್ದಲಿ ಎತ್ತಿ ಹಾಕಿದಳು. ಅಂಗೈ ಒಡೆದಿತ್ತು. ಸೆರಗು ಸುತ್ತಿಕೊಂಡು ಹಾಕಿದಳು. ಅವಳು ಸೋತಾಗ ಪಲ್ಲವಿ ತೆಗೆದುಕೊಂಡಳು. ಗುಂಡಿ ತೋಡಲು ಹೋಗಬೇಡ ಎಂದು ಅವ್ವನನ್ನು ತಡೆದಿದ್ದ ಹುಡುಗಿ ಎದೆಯುದ್ದ ತೋಡಿದಳು. ಎಲ್ಲಾ ಚೀಲಗಳನ್ನೂ ಅದರಲ್ಲಿ ಬಿಚ್ಚಿದರು. ಒಬ್ಬೊಬ್ಬರೂ ತಮ್ಮ ತಮ್ಮವರ ಹೆಸರು ಕೂಗಿ ಹಿಡಿ ಮಣ್ಣು ಹಾಕಿದರು. “ಶಿವ್ರಾಜಾ,” ಅಂದಳು ಕಲ್ಲಮ್ಮ.

ಮಣ್ಣು ಮುಚ್ಚಿ ತುಳಿಯುವಷ್ಟರಲ್ಲಿ ಊರು ಬಂತು. ಹಿಂದೆಯೇ ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಕಲ್ಲುಗಳನ್ನು ನೋಡಿದ, ಹೊಸ ಮಣ್ಣನ್ನು ನೋಡಿದ, ಕಲ್ಲಮ್ಮನ ಹುಬ್ಬಿನಲ್ಲಿ ಒಣಗಿದ ರಕ್ತ ನೋಡಿ ನೋಡದವನಂತೆ ತಿರುಗಿದ.

“ತೆಗೀರಿ ಅದನ್ನ.”

ಕೇರಿಯವರು ಅಲ್ಲಾಡಲಿಲ್ಲ.

“ತೆಗೀತೀರೋ, ಎಲ್ಲರನ್ನೂ ಒಳಗೆ ಹಾಕ್ಲೋ?”

“ಹಾಕಿ ಸಾರ್,” ಅಂದಳು ಪಲ್ಲವಿ.

“ಜೆಸಿಬಿ ಕರೆಸ್ರೀ,” ಎಂದ ಸಬ್ ಇನ್ಸ್‌ಪೆಕ್ಟರ್, ಲಕ್ಷ್ಮೀಕಾಂತನ ಕಡೆ ತಿರುಗಿ.

ಮಹಾದೇವಯ್ಯ ಮುಂದೆ ಬಂದ. ಮುಖ ಬಿಳಿಚಿಕೊಂಡಿತ್ತು. “ಮಿಸೀನ್ ಬ್ಯಾಡಿ ಸಾರ್. ಈ ಕಡೆ ನಮ್ಮಪ್ಪ, ಆ ಕಡೆ ನಮ್ಮವ್ವ. ಮಿಸೀನ್ ಬುಟ್ರೆ ಎಲ್ಲಾ ಕಲ್ಸೋಯ್ತದೆ.”

“ಮತ್ತೆ ಕೈಯಲ್ಲಿ ತೆಗಿಸಿ. ಯಾರ್ ತೆಗೀತೀರಾ?”

ಕಲ್ಲಮ್ಮ ಗುದ್ದಲಿಯನ್ನು ಮಹಾದೇವಯ್ಯನ ಕಾಲ ಬಳಿ ಎಸೆದಳು.

“ಇಳಿ ಮಾದೇವಯ್ಯ,” ಅಂದಳು.

ಆ ಹೆಸರನ್ನು ಕೇರಿಯ ಬಾಯಿ ಹಾಗೆ ಕರೆದದ್ದು ಊರು ಕೇಳಿರಲಿಲ್ಲ. ಕಿರಣ್‌ಕುಮಾರ್ ಕೈ ಎತ್ತಿಕೊಂಡು ಬಂದು ಅವಳ ಕೆನ್ನೆಗೆ ಬಾರಿಸಿದ. ಅವಳು ಬಿದ್ದಳು. ಪೇದೆಗಳು ಅವನನ್ನು ಮೆಲ್ಲಗೆ ಪಕ್ಕಕ್ಕೆ ಕರೆದೊಯ್ದರು. ಬಿದ್ದವಳನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದರು. ಮಹಾದೇವಯ್ಯ ಗುದ್ದಲಿ ನೋಡಿದ. ನೆಂಟರ ಕಡೆ ನೋಡಿದ. ನೆಂಟರು ರಸ್ತೆ ಕಡೆ ನೋಡಿದರು. ಗುದ್ದಲಿಯನ್ನು ಯಾರೂ ಎತ್ತಲಿಲ್ಲ.

ಸಮಾಧಿ ಕೆಡಿಸಿದಳು, ಬೀಗ ಒಡೆದಳು, ಜನರ ಭಾವನೆ ಕೆರಳಿಸಿದಳು ಎಂದು ಕೇಸಾಯಿತು. ದಿಬ್ಬ ಬಗೆದದ್ದಕ್ಕೆ ಕೇಸಿಲ್ಲ. ಅದಕ್ಕೆ ದೂರು ಕೊಡಲು ಹೋದ ಪಲ್ಲವಿಯನ್ನು ಠಾಣೆಯ ಬಾಗಿಲಲ್ಲೇ ಕೂರಿಸಿದರು. ಕೇರಿಯ ಬೋರ್‌ವೆಲ್ ನಲ್ಲಿಯಲ್ಲಿ ಅವತ್ತು ಸಂಜೆಯೇ ನೀರು ನಿಂತಿತು. ತೋಟದ ಕೆಲಸಕ್ಕೆ ಯಾರೂ ಬರಕೂಡದು ಎಂದು ಹೇಳಿ ಕಳಿಸಿದರು.

ಮಾರನೆಯ ದಿನ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ಕಲ್ಲಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ದನಿ ತಗ್ಗಿಸಿದ.

“ನೋಡಮ್ಮ, ವಯಸ್ಸಾದೋಳು. ಮಹಾದೇವಯ್ಯನೋರೇ ಹೇಳಿ ಕಳ್ಸಿದಾರೆ. ಬಂದು ಅದನ್ನ ತೆಗೆದ್ಬಿಟ್ರೆ ಕೇಸ್ ವಾಪಸ್. ಕೇರಿಗೆ ನೀರು ಬಿಡ್ತಾರೆ. ಬೇರೆ ಕಡೆ ಜಾಗಾನೂ ಕೊಡ್ತಾರಂತೆ.”

ಕಲ್ಲಮ್ಮ ಅವನ ಮುಖ ನೋಡಿದಳು. ಅವಳ ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಬಾಗಿಲಲ್ಲಿ ಕೂತ ಮಗಳ ಬೆನ್ನು ಕಾಣುತ್ತಿತ್ತು. ಒಣಗಿದ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಕೇರಿಯ ಹೆಂಗಸರು ಕಣ್ಣ ಮುಂದೆ ಬಂದರು.

ಅಷ್ಟರಲ್ಲಿ ಮೇಲೆ ಸದ್ದಾಯಿತು. ಬರಬರುತ್ತಾ ದೊಡ್ಡದಾಯಿತು. ಹೆಂಚು ನಡುಗಿತು. ಹೆಲಿಕಾಪ್ಟರು ಹೆಲಿಕಾಪ್ಟರು ಎಂದು ಪೇದೆಗಳು ಫೋನು ಹಿಡಿದು ಹೊರಗೆ ಓಡಿದರು. ಸಬ್ ಇನ್ಸ್‌ಪೆಕ್ಟರೂ ಎದ್ದು ಕಿಟಕಿಗೆ ಹೋಗಿ ಬಗ್ಗಿ ನೋಡಿದ. ಸದ್ದು ದಿಬ್ಬದ ಕಡೆಗೆ ಇಳಿಯುತ್ತಾ ಹೋಯಿತು.

ಅವನು ಕುರ್ಚಿಗೆ ಮರಳಿದ. “ಹ್ಞೂಂ. ಏನಂತೀಯ? ತೆಗೀತೀಯಾ?”

“ಇಲ್ಲ,” ಅಂದಳು ಕಲ್ಲಮ್ಮ.